ಖಾತ್ರಿ ಇದ್ದ ಓಣಿ

ಮೊಮ್ಮಗಳು ಚಿತ್ತಾಪುರದ ಕಡೆಯ ನಮ್ಮೂರ ಪಂಚಾಯ್ತಿ ಚುನಾವಣೆಗೆ ನಿಂತಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಆದರೆ ಅವಳು ಅಮೆರಿಕದ ಅಧ್ಯಕ್ಷರ ಚುನಾವಣೆಯ ಸಾಕ್ಷ್ಯಚಿತ್ರವೊಂದನ್ನು ಮೊಬೈಲಿನಲ್ಲಿ ನೋಡಿ ನನ್ನ ತಲೆ ತಿಂದಳು. ಅಲ್ಲಿ ಯಾವ ಕಡೆಗೂ ವಾಲಬಹುದಾದ ರಾಜ್ಯಕ್ಕೇ ನಿಂತವರೆಲ್ಲರೂ ಓಟು ಕೇಳಲು ಓಡುತ್ತಾರಂತೆ. ಇವಳೂ ಮನಸ್ಸು ಗಟ್ಟಿ ಮಾಡದವರ ಮನೆಗಳನ್ನೇ ಸುತ್ತಿದಳು.

"ನಮ್ಮ ಓಣಿ ಖಾತ್ರಿ ಅದ ಆಯಿ, ಅಲ್ಲಿ ಯಾಕ ಹೋಗ್ಬೇಕು?"

"ಹುಚ್ಚಿ, ಕರೀಲಾರದ ಮದುವಿಗಿ ಯಾರರ ಬರ್ತಾರೇನು?" ಎಂದು ರೇಗಿದೆ.

ಅಷ್ಟರಲ್ಲಿ ಓಣಿಗೆ ಹಿರಿಯಳಾದ ನನ್ನ ನಾದಿನಿ ತನ್ನನ್ನು ಕೇಳಲಿಲ್ಲವೆಂದು ಮುನಿಸಿಕೊಂಡು, ಓಟಿನ ದಿನ ಮಗಳ ಊರಿಗೆ ಹೋಗಿಬಿಡುತ್ತೇನೆ ಎನ್ನತೊಡಗಿದಳು. ಮೊಮ್ಮಗಳನ್ನು ಅವಳ ಮನೆಗೆ ಎಳೆದೊಯ್ದೆ.

"ಬಂದಿ ಏನವ್ವಾ ಮೆಂಬರ್? ನಮ್ಮ ಹೊಸ್ತಿಲಾ ಈಗ ಕಾಣಿಸ್ತೇನು?" ಎಂದಳು ನಾದಿನಿ.

ಮೊಮ್ಮಗಳು ಕಾಲಿಗೆ ಬಿದ್ದಳು. ಚಹಾ ಬಂತು. ಓಟಿನ ದಿನ ಇಡೀ ಓಣಿಯನ್ನು ನಾದಿನಿಯೇ ಬೂತಿಗೆ ಕರೆದೊಯ್ದಳು. ಮೊಮ್ಮಗಳು ಗೆದ್ದಾಗ ನನಗಿಂತ ಮೊದಲು ಅವಳೇ ಸಕ್ಕರೆ ಹಂಚಿದಳು. ಅದಕ್ಕೂ ನನಗೆ ಸಿಟ್ಟು ಬಂತು.