ಮಸ್ಕತ್‌ನಲ್ಲಿ ನನಗೆ ಸಿಕ್ಕ ಜಾಮೀನು

ಎಂಬತ್ತರ ದಶಕದಲ್ಲಿ ಕೆಲಸಕ್ಕೆಂದು ಜೇವರ್ಗಿಯಿಂದ ಮಸ್ಕತ್‌ಗೆ ಹೋದೆ. ಹೆಂಡತಿ, ಕೂಸು ಬರುವ ಮುಂಚೆ ಒಂದು ಫ್ರಿಜ್ ಬೇಕಾಯಿತು. ಆ ಬಿಸಿಲಲ್ಲಿ ಬೆಳಗಿನ ಹಾಲು ಮಧ್ಯಾಹ್ನಕ್ಕೆ ಒಡೆಯುತ್ತಿತ್ತು. ಕಂತಿನ ಮೇಲೆ ಕೊಡುವ ಅಂಗಡಿಗೆ ಹೋದೆ.

ಅಂಗಡಿಯವನು ಹಿಂದಿಯಲ್ಲಿ ಕೇಳಿದ, "ಮೊದಲು ಎಲ್ಲಾದರೂ ಸಾಲ ಮಾಡಿದ್ದೀರಾ?"

"ಯಾರ ಹತ್ತಿರವೂ ಮಾಡಿಲ್ಲ," ಎಂದೆ ಹೆಮ್ಮೆಯಿಂದ.

ಅವನ ಮುಖ ಸಪ್ಪಗಾಯಿತು. ಸಾಲ ಮಾಡಿ ತೀರಿಸಿದವರನ್ನು ನಂಬಬಹುದಂತೆ. ಸಾಲವನ್ನೇ ಮಾಡದವನನ್ನು ಹೇಗೆ ನಂಬುವುದು? ಜೇವರ್ಗಿಯಲ್ಲಿ ನಮ್ಮ ಮನೆತನ ಎಂಥದು ಎಂದು ವಿವರಿಸಿದೆ. ಜೇವರ್ಗಿ ಯಾವ ದೇಶದಲ್ಲಿದೆ ಎಂದು ವಿಚಾರಿಸಿದ. ಕೊನೆಗೆ, "ನಮ್ಮ ಹಳೇ ಗಿರಾಕಿ ಯಾರದಾದರೂ ಜಾಮೀನು ತನ್ನಿ," ಎಂದ.

ನನಗೆ ಅಲ್ಲಿ ಗೊತ್ತಿದ್ದ ಹಳಬ ಒಬ್ಬನೇ, ಅಫಜಲಪುರದ ಶರಣಪ್ಪ. ಅಫಜಲಪುರದಲ್ಲಿ ಅವನಿಗೆ ಒಂದು ಕಪ್ ಚಹಾ ಉದ್ರಿ ಕೊಡುವವರೂ ಉಳಿದಿರಲಿಲ್ಲ. ಅದಕ್ಕೇ ಊರು ಬಿಟ್ಟಿದ್ದ. ಮಸ್ಕತ್‌ನಲ್ಲಿ ಮಾತ್ರ ಕಂತುಗಳು ಪಗಾರದಲ್ಲೇ ಕಡಿತವಾಗುತ್ತಿದ್ದುದರಿಂದ ದೊಡ್ಡ ಪ್ರಾಮಾಣಿಕನಾಗಿದ್ದ.

ಶರಣಪ್ಪ ಒಳಗೆ ಬಂದೊಡನೆ ಅಂಗಡಿಯವನು ಎದ್ದು ನಿಂತ, ಕುರ್ಚಿ ಹಾಕಿದ, ಚಹಾ ತರಿಸಿದ. ನಾನು ಬಾಗಿಲ ಬಳಿ ನಿಂತೇ ಇದ್ದೆ. ಶರಣಪ್ಪ ನಿಧಾನಕ್ಕೆ ಚಹಾ ಕುಡಿದು, ನನ್ನ ಕಡೆ ಒಮ್ಮೆ ನೋಡಿ, ಸಹಿ ಹಾಕಿದ.

ಹೊರಗೆ ಬಂದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ, "ಭಾಯಿ, ಕಂತು ತಪ್ಪಿಸಬ್ಯಾಡ್ರಿ. ಇಲ್ಲಿ ನಂದೊಂದು ಹೆಸರು ಅದ."

ಒಂದು ಕಂತನ್ನೂ ತಪ್ಪಿಸಲಿಲ್ಲ. ಶರಣಪ್ಪನ ಮರ್ಯಾದೆಯ ಪ್ರಶ್ನೆ ನೋಡ್ರಿ.