ನಾಯಿ ಹೆದರುತ್ತದೆ, ಹಾರ್ನ್ ಹೊಡೆಯಬೇಡಿ

ನಮ್ಮ ಡ್ರೈವಿಂಗ್ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಬೇಯಿಸಿದ ಅವರೆಕಾಳಿನಂಥ ನುಣ್ಣನೆಯ ಚರ್ಮ. ಸ್ಟೇರಿಂಗ್ ಹಿಡಿದಾಗ ಆ ಬೆರಳು ಮಾತ್ರ ಮೇಲೆದ್ದಿರುತ್ತಿತ್ತು. ಕೇಳಿದವರಿಗೆಲ್ಲ "ವ್ಯಾನಿನ ಬಾಗ್ಲಿಗೆ ಸಿಕ್ಕಂಡಿತ್ತು ಕಣ್ರಿ" ಎನ್ನುತ್ತಿದ್ದರು. ಸುಳ್ಳು. ನಿಜ ಗೊತ್ತಿದ್ದವರು ಹಿರಿಯೂರಿನ ನಮ್ಮ ಬೀದಿಯಲ್ಲಿ ಇಬ್ಬರೇ, ಅವರು ಮತ್ತು ನಾನು.

ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಹಳೇ ವ್ಯಾನೊಂದರಲ್ಲಿ ಡ್ರೈವಿಂಗ್ ಕಲಿಸುತ್ತಿದ್ದರು. ಹೆಂಡತಿ ಹಿಂದೆಯೇ ತೀರಿಹೋಗಿದ್ದರು. ಜೊತೆಗಿದ್ದದ್ದು ಕೆಂಚ ಅನ್ನುವ ಬೀದಿನಾಯಿ. ಅಂಥ ಪುಕ್ಕಲು ನಾಯಿಯನ್ನು ನಾನು ಇನ್ನೊಂದು ಕಂಡಿಲ್ಲ. ಕುಕ್ಕರ್ ಕೂಗಿದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಮೇಷ್ಟ್ರು ಅದನ್ನೇ ಪರೀಕ್ಷಕನನ್ನಾಗಿ ಮಾಡಿಕೊಂಡಿದ್ದರು! ಹಿಂದಿನ ಸೀಟಿನಲ್ಲಿ ಕೆಂಚ ಇರಬೇಕು, ಮುಂದೆ ನಾವು ಓಡಿಸಬೇಕು. ಗಕ್ಕನೆ ಬ್ರೇಕ್ ಒತ್ತಿದರೆ ಅದು ಎದ್ದು ನಿಂತು ನಡುಗುತ್ತಿತ್ತು.

"ನನ್ನೇನ್ ನೋಡ್ತೀಯಮ್ಮ? ಅವನು ಮಲಗಿದ್ ದಿನ ನಿನಗೆ ಡ್ರೈವಿಂಗ್ ಬಂತು ಅಂತ."

ನಿನ್ನ ಕೈಲಿ ಸ್ಕೂಟಿಯೇ ನೆಟ್ಟಗೆ ನಿಲ್ಲಲ್ಲ ಅಂತ ನನ್ನ ಗಂಡ ಹಂಗಿಸುತ್ತಿದ್ದ ಕಾಲ ಅದು. ಇಪ್ಪತ್ತಮೂರನೆಯ ದಿನ, ಹೊಸದುರ್ಗದ ರಸ್ತೆಯಲ್ಲಿ, ಕೆಂಚ ಮುಂಗಾಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿ ಮಲಗಿತು. ಮಾತಾಡಬೇಡ ಅಂತ ಮೇಷ್ಟ್ರು ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದರು. ನಾನು ಓಡಿಸುತ್ತಲೇ ಅತ್ತೆ. ಚಿತ್ರದುರ್ಗದಲ್ಲಿ ಲೈಸೆನ್ಸ್ ಕೈಗೆ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ದೀಪಾವಳಿ ಬಂತೆಂದರೆ ಮೇಷ್ಟ್ರಿಗೂ ಕೆಂಚನಿಗೂ ಊಟ ಸೇರುತ್ತಿರಲಿಲ್ಲ. ಮೇಷ್ಟ್ರು ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು. "ಹೂಕುಂಡ ಹಚ್ರಿ, ಸುರ್‌ಸುರ್‌ಬತ್ತಿ ಹಚ್ರಿ, ಸರಪಟಾಕಿ ಒಂದು ಬ್ಯಾಡ್ರಪ್ಪ." ಎಲ್ಲರೂ ಹೂಂ ಅನ್ನುತ್ತಿದ್ದರು, ಅವರು ಅತ್ತ ಹೋದ ಮೇಲೆ ನಗುತ್ತಿದ್ದರು, ಸಂಜೆಗೆ ಹಚ್ಚುತ್ತಿದ್ದರು. ಒಂದು ವರ್ಷ ಅವರ ಬಾಗಿಲೆದುರು ಸಾವಿರದ ಸರ ಹಾಸಿ ಹಚ್ಚಿದವನು ನನ್ನ ಗಂಡ. ಅಂಗಡಿಯಿಂದ ತಂದವಳು ನಾನು. ಮಂಚದ ಕೆಳಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಕೆಂಚನನ್ನು ಹೊರಗೆಳೆಯಲು ಹೋದಾಗ ಮೇಷ್ಟ್ರ ಬೆರಳು ಅದರ ಬಾಯಿಗೆ ಸಿಕ್ಕಿತು. ನಾನು ಓಡಿಹೋಗಿ ನೋಡಿದರೆ ಕೈಗೆ ಸುತ್ತಿದ್ದ ಟವೆಲ್ಲು ರಕ್ತದಲ್ಲಿ ತೊಯ್ದಿತ್ತು.

"ಯಾರಿಗೂ ಅನ್ನಬ್ಯಾಡಮ್ಮ. ಕಚ್ಚೋ ನಾಯಿ ಅಂತ ಹಿಡ್ಕಂಡು ಹೋಗ್ತಾರೆ."

ಪಟಾಕಿ ಯಾರದು ಎಂದು ಅವರು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ನಾನು ಗಂಡನಿಗೂ ಹೇಳಲಿಲ್ಲ. ಹಬ್ಬದ ದಿನ ಜಗಳ ಯಾಕೆ ಅಂದುಕೊಂಡೆ. ನಾಯಿಯನ್ನು ಪುಕ್ಕಲು ಅನ್ನುವ ಬಾಯಿ ನನ್ನದು!

ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ನೇಪಾಳದ ಅಡುಗೆಯವನೊಬ್ಬನಿದ್ದ. ತಮ್ಮ ದೇಶದಲ್ಲಿ ದೀಪಾವಳಿಗೆ ನಾಯಿಗಳಿಗೂ ಒಂದು ದಿನ ಇದೆ, ಹಣೆಗೆ ಕುಂಕುಮ ಇಟ್ಟು ಚೆಂಡುಹೂವಿನ ಹಾರ ಹಾಕುತ್ತೇವೆ ಅಂತ ಅವನು ಹೇಳಿದ. ನಾಯಿಯನ್ನು ಪೂಜಿಸುವ ಜನ ಪಟಾಕಿ ಹೊಡೆಯುವುದಿಲ್ಲ ಎಂದು ಮೇಷ್ಟ್ರು ತಾವೇ ತೀರ್ಮಾನಿಸಿಬಿಟ್ಟರು. ಅವನು ಹಾಗೆ ಹೇಳಿರಲಿಲ್ಲ. ಇವರು ಕೇಳಲೂ ಇಲ್ಲ.

"ಅಲ್ಲಿಗೇ ಹೋಗ್ತೀವಮ್ಮ. ರಸ್ತೆ ಐತಲ್ಲ, ಡ್ರೈವರ್‌ಗೆ ಯಾವ ದೇಶ ಆದ್ರೇನು?"

"ನಾಯಿಗೆ ಫಾರಿನ್ ಟೂರಂತೆ!" ಅಂತ ಬೀದಿ ನಕ್ಕಿತು. ನಾನೂ ನಕ್ಕೆ. ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡುವವಳಾದ್ದರಿಂದ ಒಂದು ರಟ್ಟಿನ ಮೇಲೆ 'ನಾಯಿ ಹೆದರುತ್ತದೆ, ಹಾರ್ನ್ ಹೊಡೆಯಬೇಡಿ' ಎಂದು ಹಿಂದಿಯಲ್ಲಿ ಬರೆದುಕೊಟ್ಟೆ. ಅದನ್ನು ವ್ಯಾನಿನ ಹಿಂದಿನ ಗಾಜಿಗೆ ಅಂಟಿಸಿ, ಸ್ಟವ್ವು, ರಾಗಿಹಿಟ್ಟು, ಕೆಂಚನ ಚುಚ್ಚುಮದ್ದಿನ ಚೀಟಿ ಇಟ್ಟುಕೊಂಡು ಹಬ್ಬಕ್ಕೆ ಹತ್ತು ದಿನ ಮೊದಲೇ ಅದನ್ನು ಹಿಂದೆ ಕೂರಿಸಿಕೊಂಡು ಹೊರಟರು.

ದಿನಾ ಫೋನು. "ನಾಗಪುರ ದಾಟಿದ್ವಿ. ಲಾರಿಯೋರು ನಿನ್ ಬೋರ್ಡ್ ಓದಿ ಸುಮ್ಕೆ ಹೋಗ್ತಾರಮ್ಮ!" ನಾಯಿಹಬ್ಬದ ದಿನ ಗಡಿಯಾಚೆಯ ಊರಿಂದ ಫೋನು ಮಾಡಿದರು. "ಯಾರೋ ಹೆಣ್ಮಗಳು ಹಾರ ಹಾಕಿದ್ಲಮ್ಮ. ನಡುಗ್ಲೇ ಇಲ್ಲ ನೋಡು, ಬಾಲ ಅಲ್ಲಾಡಿಸ್ದ ನನ್ಮಗ."

ಮಾರನೆಯ ದಿನ ಒಂದೇ ಮಾತು. "ಇಲ್ಲೂ ಹೊಡೀತಾರಮ್ಮ."

ಟೀ ಅಂಗಡಿ ಮುಂದೆ ವ್ಯಾನಿನ ಬಾಗಿಲು ತೆಗೆಯುವುದಕ್ಕೂ ಪಕ್ಕದಲ್ಲಿ ಪಟಾಕಿ ಸಿಡಿಯುವುದಕ್ಕೂ ಸರಿಹೋಗಿತ್ತು. ಕೆಂಚ ಕೊರಳಲ್ಲಿ ಹಾರ ಇದ್ದಂತೆಯೇ ಜಿಗಿದು ಓಡಿತು. ಹನ್ನೊಂದು ದಿನ ಭಾಷೆ ಬಾರದ ಊರಿನ ಗಲ್ಲಿಗಲ್ಲಿಯಲ್ಲಿ ಕೂಗುತ್ತಾ ಅಲೆದರು. ಸಿಗಲಿಲ್ಲ. ಅಷ್ಟೂ ದಾರಿ ಖಾಲಿ ಸೀಟು ಹೊತ್ತುಕೊಂಡು ಬಂದರು.

ಆಮೇಲೆ ಯಾರಿಗೂ ಡ್ರೈವಿಂಗ್ ಕಲಿಸಲಿಲ್ಲ. "ಪರೀಕ್ಷೆ ಮಾಡೋನೇ ಇಲ್ವಲ್ಲಮ್ಮ" ಅಂದರು. ನಾನು ಬರೆದ ರಟ್ಟನ್ನು ಮಾತ್ರ ಕೀಳಲಿಲ್ಲ. ಕಿತ್ತುಬಿಡಲೇ ಅಂತ ಒಮ್ಮೆ ಕೇಳಿದೆ. "ಇರ್ಲಿ ಬಿಡು. ಅವನು ಎಲ್ಲೋ ಅವನೆ." ಆ ರಟ್ಟಿನ ಎದುರು ನಿಂತು ನನಗೆ ತಲೆಯೆತ್ತಲು ಆಗುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಬೀದಿಗೆ ಬೀದಿಯೇ ಸೇರಿತು. ಚಟ್ಟ ಎತ್ತುವ ಮೊದಲು ನನ್ನ ಗಂಡ ಸರಪಟಾಕಿ ಹಿಡಿದು ಮುಂದೆ ನಿಂತಿದ್ದ. ನಮ್ಮ ಬೀದಿಯಲ್ಲಿ ಹಿರಿಯರನ್ನು ಹಾಗೇ ಕಳಿಸುವುದು.

"ಬ್ಯಾಡ್ರಿ" ಅಂದೆ.

"ದೊಡ್ಡ ಮನುಷ್ಯ ಕಣೇ, ಸುಮ್ಕೆ ಕಳ್ಸೋಕಾಯ್ತದಾ?"

ಆಗ ಎಲ್ಲರೆದುರಿಗೆ ಆ ಹೆಬ್ಬೆರಳಿನ ಕಥೆ ಹೇಳಿದೆ. ಸರ ಯಾರು ತಂದರು, ಯಾರು ಹಚ್ಚಿದರು, ಎಲ್ಲ. ಇಷ್ಟು ವರ್ಷ ನುಂಗಿಕೊಂಡದ್ದು ಹೆಣದ ಮುಂದೆ ಬಾಯಿಗೆ ಬಂತು, ಥೂ! ಗಂಡ ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡ.

ಆಮೇಲೆ ಹಿಂದಿನಿಂದ ಯಾರೋ ಅಂದರು, "ಈಗ ನಾಯಿನೇ ಇಲ್ವಲ್ಲಕ್ಕ. ಹಚ್ರೋ."

ಹಚ್ಚಿದರು. ನಾನು ಚಟ್ಟದ ಪಕ್ಕ ಕುಕ್ಕರಿಸಿ, ಎರಡೂ ಕೈಯಿಂದ ಮೇಷ್ಟ್ರ ಕಿವಿ ಮುಚ್ಚಿದೆ.