ಮುಂದಿನ ಚಕ್ರದ ಬೆಳ್ಳಿ ಬಣ್ಣ

ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದರೆ ಮಗಳು ತಿದ್ದಿಕೊಡುತ್ತೇನೆ ಎಂದಿದ್ದಾಳೆ. ತಿದ್ದಲಿ. ಆದರೆ ನನ್ನ ಸಂತೋಷವನ್ನು ಮಾತ್ರ ಕಡಿಮೆ ಮಾಡಬೇಡ ಎಂದು ಹೇಳಿಯೇ ಬರೆಯಲು ಕೂತಿದ್ದೇನೆ. ಆ ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಕೂಸು ಹುಟ್ಟಿದೆ. ಹೆಣ್ಣುಕೂಸು. ನಾನು ಅಜ್ಜಿ ಆಗಿದ್ದೇನೆ. ಹಾಲು ಕರೆಯುವಾಗ ಹಸುವಿಗೂ ಹೇಳಿದ್ದೇನೆ, ದಾರಿಯಲ್ಲಿ ಸಿಕ್ಕಿದವರಿಗೂ ಹೇಳಿದ್ದೇನೆ. ಕೊಳ್ಳೇಗಾಲದ ಆಸ್ಪತ್ರೆಯಿಂದ ಆ ಕೂಸನ್ನು ನಮ್ಮ ಜೀಪಿನಲ್ಲಿ ಮನೆಗೆ ತಂದ ದಿನ ನಡೆದದ್ದನ್ನು ಈಗ ಬರೆಯುತ್ತೇನೆ.

ಮೊದಲು ಜೀಪಿನ ವಿಷಯ. ನಮ್ಮ ಹೊಲಮನೆ ಇರುವುದು ಲೊಕ್ಕನಹಳ್ಳಿಯಿಂದ ಒಡೆಯರಪಾಳ್ಯದ ಕಡೆ ಹೋಗುವ ರಸ್ತೆ ಬಿಟ್ಟು, ಕಾಡಿನ ಅಂಚು ಹಿಡಿದು ಹೋಗುವ ಮಣ್ಣುದಾರಿಯಲ್ಲಿ. ನಡುವೆ ಒಂದು ತಗ್ಗು. ಮಳೆ ಬಿದ್ದರೆ ಅಲ್ಲಿಯ ಮಣ್ಣು ಅಂಬಲಿಯಾಗುತ್ತದೆ. ಆಟೋ ಬರುವುದಿಲ್ಲ, ಕಾರು ಬಂದರೆ ವಾಪಸು ಹೋಗುವುದಿಲ್ಲ. ಅದಕ್ಕೇ ನಮ್ಮ ಯಜಮಾನರು ಯಳಂದೂರಿನ ಒಂದು ಗ್ಯಾರೇಜಿನಲ್ಲಿ ನಿಂತಿದ್ದ ಈ ಹಳೇ ಜೀಪನ್ನು ತಂದರು. ಬೆಟ್ಟದ ಮೇಲಿನ ಕಾಫಿ ತೋಟದಲ್ಲಿ ದುಡಿದು ಸವೆದ ಗಾಡಿ. ತಂದ ದಿನ ಕಾಲಿಡುವ ಜಾಗದ ತಗಡು ತೂತು ಬಿದ್ದು ಓಡುವ ರಸ್ತೆ ಕಾಣುತ್ತಿತ್ತು. ಯಜಮಾನರು ತಾವೇ ತಗಡು ಕತ್ತರಿಸಿ ಕೂರಿಸಿದರು. ಭಾನುವಾರ ಬಂತೆಂದರೆ ಅದರ ಕೆಳಗೆ ಚಾಪೆ ಹಾಸಿ ಮಲಗುವುದು, ಅಡಿಯ ಸ್ಪ್ರಿಂಗ್ ಪಟ್ಟಿಗಳಿಗೆ ಗ್ರೀಸು ತುಂಬುವುದು. ನಾನು ಪಕ್ಕದಲ್ಲಿ ಕೂತು ಅವರು ಕೇಳಿದ ಸ್ಪ್ಯಾನರ್ ಕೊಡುವುದು. ಬೇಸಿಗೆಯ ಸಂಜೆ ಮೇಲಿನ ಟಾರ್ಪಾಲು ಬಿಚ್ಚಿ ಇಬ್ಬರೂ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಿದ್ದೆವು. ಆ ಗಾಳಿ ನನಗೆ ಬಹಳ ಇಷ್ಟ.

ಆ ಜೀಪಿನಲ್ಲಿ ಅವರ ಕೆಲಸ ಓಡಿಸುವುದು, ನನ್ನ ಕೆಲಸ ಲಾಕು. ಮುಂದಿನ ಎರಡು ಚಕ್ರಗಳ ನಟ್ಟನಡುವೆ ಡಬ್ಬಿಯ ಮುಚ್ಚಳದಂಥ ಒಂದೊಂದು ತಿರುಗಣೆ ಇದೆ, ಅದೇ ಲಾಕು. ಹಿಡಿಯಲು ಅಡ್ಡಕ್ಕೊಂದು ಉಬ್ಬಿದ ಏಣು. ಕೆಳಗಿಳಿದು ಎರಡನ್ನೂ ಕೈಯಿಂದ ತಿರುಗಿಸಿದರೆ ಮಾತ್ರ ನಾಲ್ಕೂ ಚಕ್ರ ಎಳೆಯುತ್ತವೆ. ತಿರುಗಿಸದೆ ಒಳಗೆ ಎಷ್ಟು ಗೇರು ಹಾಕಿದರೂ ಮುಂದಿನವು ಸುಮ್ಮನೆ ಉರುಳುತ್ತವೆ ಅಷ್ಟೆ. ತಗ್ಗಿನ ಮುಂದೆ ಅವರು ನಿಲ್ಲಿಸುವುದು, ನಾನು ಸೀರೆ ಎತ್ತಿಕಟ್ಟಿ ಇಳಿಯುವುದು. ಬಾನೆಟ್ ಮೇಲೆ ಒಂದು ಸಲ ತಟ್ಟಿದರೆ ಸ್ವಲ್ಪ ಹಿಂದಕ್ಕೆ ಬನ್ನಿ ಎಂದು, ಎರಡು ಸಲ ತಟ್ಟಿದರೆ ಹೊರಡಿ ಎಂದು. ಎಷ್ಟು ಮಳೆಗಾಲ ಹೀಗೇ ಕಳೆದಿದ್ದೇವೋ.

ಹೆರಿಗೆಗೆಂದು ನಾನು ಮಗಳ ಜೊತೆ ಆಸ್ಪತ್ರೆಯಲ್ಲಿ ಉಳಿದೆ. ಆಪರೇಷನ್ ಮಾಡಿ ಕೂಸು ತೆಗೆದರು. ಯಜಮಾನರು ನೋಡಿ, ಅತ್ತು, ದನಕರು ನೋಡಿಕೊಳ್ಳಲು ಮನೆಗೆ ಹೋದರು. ಕರೆದೊಯ್ಯಲು ಬಂದ ದಿನ ಆಸ್ಪತ್ರೆ ಬಾಗಿಲಲ್ಲಿ ಜೀಪು ನೋಡಿ ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಮೈಗೆಲ್ಲ ಹಸಿರು ಬಣ್ಣ. ನಾಲ್ಕು ಚಕ್ರಕ್ಕೂ ಬೆಳ್ಳಿ ಬಣ್ಣ ಥಳಥಳ. ಮೂತಿಗೆ ಚೆಂಡುಹೂವಿನ ಹಾರ.

"ಏನ್ರೀ ಇದು, ಮದ್ವೆ ಗಂಡ್ನಂಗೆ ನಿಲ್ಸಿದ್ದೀರಿ?"

"ನಮ್ ಕೂಸು ಕೂರೋ ಗಾಡಿ ಕಣಮ್ಮಿ. ತುಕ್ಕು ಇಡ್ದಿರೋ ಚಕ್ರದಲ್ಲಿ ಕರ್ಕಂಡೋಗಕಾದದಾ? ಎರಡು ಕೋಟು ಒಡ್ದಿವ್ನಿ."

ಒಳಗೆ ಹೊಸ ಹಾಸಿಗೆ, ದಿಂಬು, ಬಿಸಿನೀರಿನ ಫ್ಲಾಸ್ಕು. ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ತಣ್ಣಗಾಗುವ ಬದಲು ಆಗಲೇ ಎರಡು ಪ್ರಶ್ನೆ ಕೇಳಬೇಕಿತ್ತು.

ಅವತ್ತು ಗುರುವಾರ. ಆಸ್ಪತ್ರೆಯವರು ಬಿಟ್ಟಾಗ ಊಟದ ಹೊತ್ತು ಮೀರಿ ರಾಹುಕಾಲ ಶುರುವಾಗುವುದರಲ್ಲಿತ್ತು. ಮುಗಿಯುವ ತನಕ ಕದಲುವುದಿಲ್ಲ ಎಂದು ನಾನು ಕೂತೆ.

"ಸಂಜೆ ಆದ್ರೆ ಕಾಡಂಚಲ್ಲಿ ಆನೆ ಇಳೀತವೆ ಕಣಮ್ಮಿ. ನಡಿ ಓಗನ."

"ಆನೆ ಯಾವತ್ತೂ ಇಳೀತವೆ. ನಮ್ ಕೂಸು ಮೊದ್ಲ ಸಲ ಆಚೆಗೆ ಕಾಲಿಡ್ತಾ ಅದೆ. ರಾಹುಕಾಲದಲ್ಲಿ ಒರಡಿಸ್ತೀರಾ?"

ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕೂಸಿನ ಹಾಸಿಗೆಯ ಮಡಿಕೆಯಲ್ಲಿ ನನ್ನ ಅಡಕೆಕತ್ತರಿ ಇಟ್ಟೆ. ಹಸುಗೂಸಿನ ಮಗ್ಗುಲಲ್ಲಿ ಕಬ್ಬಿಣ ಇರಬೇಕು, ಮನೆಯ ಹೊಸ್ತಿಲು ದಾಟುವ ತನಕ ತೆಗೆಯಬಾರದು. ನಾನು ಹೆತ್ತಾಗ ಮುಳ್ಳೂರಿನ ನನ್ನ ತಾಯಿಯೂ ಹಾಗೇ ಮಾಡಿದ್ದಳು. "ಯಾರೂ ಮುಟ್ಬೇಡಿ" ಎಂದು ಮಗಳಿಗೆ ಎರಡು ಸಲ ಹೇಳಿದೆ.

ರಾಹುಕಾಲ ಕಳೆದು ಹೊರಟೆವು. ಮಗಳ ಹೊಲಿಗೆ ಎಳೆಯಬಾರದೆಂದು ಯಜಮಾನರು ಎತ್ತಿನ ಗಾಡಿಗಿಂತ ನಿಧಾನಕ್ಕೆ ಓಡಿಸಿದರು. ಸೈಕಲ್ಲಿನವರೂ ನಮ್ಮನ್ನು ದಾಟಿ ಹೋದರು. ಇಂಜಿನಿನ ಗುಡುಗುಡು ಶಬ್ದಕ್ಕೆ ಕೂಸು ನನ್ನ ತೊಡೆಯ ಮೇಲೆ ಎಂಥ ನಿದ್ದೆ ಮಾಡಿತೆಂದರೆ, ಗಾಡಿ ಆಫ್ ಮಾಡಿದರೆ ಎದ್ದು ಅಳುತ್ತಿತ್ತು, ಮತ್ತೆ ಸ್ಟಾರ್ಟ್ ಮಾಡಿದರೆ ಕಣ್ಣು ಮುಚ್ಚುತ್ತಿತ್ತು. ಲೊಕ್ಕನಹಳ್ಳಿ ಹತ್ತಿರ ಜೋರು ಮಳೆ ಹಿಡಿಯಿತು. ಟೀ ಅಂಗಡಿಯ ಮುಂದೆ ನಿಂತು ಬಿಡುವ ತನಕ ಕಾದೆವು. ಅಂಗಡಿಯವನು ಕೂಸಿನ ಮುಖ ನೋಡಿ ಸಕ್ಕರೆ ಕೊಟ್ಟು, ಯಜಮಾನರನ್ನು ಪಕ್ಕಕ್ಕೆ ಕರೆದ.

"ನೆನ್ನೆ ಸಂಜೆ ನಿಮ್ ತಗ್ಗಿನ್ ಪಕ್ಕದ್ ಜ್ವಾಳದ್ ಒಲಕ್ಕೆ ಆನೆ ಬಂದಿದ್ವಂತೆ ಸಾ. ಬಿರ್ನೆ ಓಗ್ಬುಡಿ."

ಪಕ್ಕಕ್ಕೆ ಕರೆದರೂ ಅವನ ಮಾತು ಬೀದಿಗೆಲ್ಲ ಕೇಳಿಸಿತು. ಮಗಳು ನನ್ನ ಮುಖ ನೋಡಿದಳು. ನಾನು ಕೂಸಿನ ಟೋಪಿ ಸರಿಮಾಡುವಂತೆ ತಲೆ ತಗ್ಗಿಸಿದೆ.

ತಗ್ಗಿಗೆ ಬಂದಾಗ ಬಿಸಿಲು ಸತ್ತಿತ್ತು. ಎಡಕ್ಕೆ ಎರಡಾಳೆತ್ತರದ ಜೋಳ, ಅದರ ಹಿಂದೆ ಕಾಡು. ಬಲಕ್ಕೆ ಕಲ್ಲಿನ ದಿಬ್ಬ. ನಾನು ಇಳಿಯಲು ಹೊರಟೆ. ಯಜಮಾನರು ಕೈ ಅಡ್ಡ ಇಟ್ಟರು.

"ಕೂಸು ಮಲ್ಗದೆ, ಎಬ್ಬಿಸ್ಬ್ಯಾಡ. ಎರಡು ಚಕ್ರದಲ್ಲೇ ಒಂದೇ ಉಸ್ರಿಗೆ ದಾಟ್ಬುಡ್ತೀನಿ."

ಒಂದೇ ಉಸಿರಿಗೆ ಅರ್ಧ ದಾಟಿದರು. ಮುಂದಿನ ಚಕ್ರ ಏರಿನ ಬುಡ ಮುಟ್ಟಿತು, ಹಿಂದಿನವು ಗುಂಡಿಗೆ ಇಳಿದು ಗಿರ್ರನೆ ತಿರುಗಿದವು. ಗಾಡಿ ಹಿಂಭಾಗ ಇನ್ನೂ ಕೆಳಗೆ ಕೂತಿತು. ಕೂಸನ್ನು ಹಾಸಿಗೆ ಸಮೇತ ಮಗಳಿಗೆ ಕೊಟ್ಟು ನಾನು ಇಳಿದೆ. ಮೊಣಕಾಲ ಹತ್ತಿರಕ್ಕೆ ಕೆಸರು. ಬಲಗಡೆಯ ಚಕ್ರಕ್ಕೆ ಕೈ ಹಾಕಿ ತಿರುಗಿಸಿದೆ. ಅದು ಅಲ್ಲಾಡಲಿಲ್ಲ. ಬಗ್ಗಿ ನೋಡಿದೆ. ತಿರುಗಣೆ ಯಾವುದು, ಸುತ್ತಲಿನ ಕಬ್ಬಿಣ ಯಾವುದು ಗೊತ್ತಾಗದ ಹಾಗೆ ಎಲ್ಲವೂ ಒಂದೇ ಬೆಳ್ಳಿ. ಸಂದಿನೊಳಗೆಲ್ಲ ಬಣ್ಣ ಇಳಿದು ಕಲ್ಲಾಗಿತ್ತು.

"ಲಾಕ್ನೂ ಸೇರ್ಸಿ ಬಳ್ದಿದ್ದೀರಲ್ರೀ!" ಎಂದೆ, ಪಿಸುದನಿಯಲ್ಲಿ.

"ಚಕ್ರ ಅಂದ್ಮೇಲೆ ಪೂರ್ತಿ ಚಕ್ರ ಅಲ್ವಾ..." ಅವರ ದನಿಯೂ ಇಳಿಯಿತು.

"ಟೂಲ್ ಪೆಟ್ಟಿಗೆ ಕೊಡಿ."

ಅವರು ಮೂತಿಯ ಹಾರದ ಕಡೆ ನೋಡಿದರು.

"ಕೊಡಿ ಅಂದ್ನಲ್ಲ!"

"ಗ್ರೀಸ್ ವಾಸ್ನೆ ಕೂಸ್ಗೆ ಆಗಾಕಿಲ್ಲ ಅಂತ... ಮನೇಲಿ ಇಳ್ಸ್ಬಂದೆ."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಒಳಗಿಂದ, "ಅವ್ವ" ಎಂದಳು. ಆ ದನಿ ಕೇಳಿದ ಕೂಡಲೇ ಬೈಗುಳ ಮರೆತುಹೋಯಿತು. "ಅವ್ವ, ಅಲ್ನೋಡು. ಗಾಳಿ ಇಲ್ಲ. ಜ್ವಾಳದ್ ತಲೆ ಅಲ್ಲಾಡ್ತಾ ಅವೆ."

ಹೊಲದ ಆ ತುದಿಯಲ್ಲಿ ತೆನೆಗಳು ಒಂದು ಕಡೆಗೆ ಬಾಗಿ ಮತ್ತೆ ಏಳುತ್ತಿದ್ದವು. ಕೆಲವು ಏಳುತ್ತಿರಲಿಲ್ಲ. ಇಂಜಿನ್ ಶಬ್ದದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಯಜಮಾನರು ಆಲಿಸಲೆಂದು ಕೀಲಿಗೆ ಕೈ ಹಾಕಿದರು.

"ಆಪ್ ಮಾಡ್ಬ್ಯಾಡಪ್ಪ!" ಮಗಳು ಹಿಂದಿನಿಂದ ಅವರ ತೋಳು ಹಿಡಿದಳು. "ನಿಂತ್ರೆ ಕೂಸು ಎದ್ದು ಕಿರಿಚ್ಕತದೆ."

ಅಳುವ ಕೂಸು, ಪಕ್ಕದಲ್ಲಿ ಆನೆ. ಓಡೋಣವೆಂದರೆ ಹೊಲಿಗೆ ಹಾಕಿದ ಮೈ ಅವಳದು. ಮನೆ ಏರಿನ ಆಚೆ ಇನ್ನೂ ದೂರವಿದೆ. ಇಂಜಿನ್ ಹಾಗೇ ಗುಡುಗುಡು ಅನ್ನುತ್ತಿರಲಿ ಎಂದುಕೊಂಡೆವು. ನಾನು ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ಸಂದಿನ ಬಣ್ಣ ಗೀರಿದೆ. ಎರಡು ಗೀರಿಗೆ ಪಿನ್ನು ಬಾಗಿತು, ಮೂರನೆಯದಕ್ಕೆ ಮುರಿಯಿತು. ಉಗುರಿನಲ್ಲಿ ಕೆರೆದೆ. ಉಗುರಿಗೆ ಎರಡು ಕೋಟು ಬಣ್ಣ ಬಗ್ಗುತ್ತದೆಯೇ?

ಆ ಗಾಡಿಯಲ್ಲಿ ಉಳಿದಿದ್ದ ಬಿಡಿ ಕಬ್ಬಿಣ ಒಂದೇ. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಮುಸ್ಸಂಜೆ, ಕಾಡಂಚು, ಹಸುಗೂಸು. ಯಾವ ಹೊತ್ತಿನಲ್ಲಿ ಅದನ್ನು ತೆಗೆಯಬಾರದು ಎನ್ನುತ್ತಾರೋ ಅದೇ ಹೊತ್ತು. ಮುರಿದ ಪಿನ್ನು ಹಿಡಿದುಕೊಂಡು ನಿಂತೆ. ಜೋಳದಲ್ಲಿ ಒಂದು ದಂಟಿನ ಸಾಲು ಪೂರ್ತಿ ಮಲಗಿತು, ಈ ಸಲ ಇನ್ನೂ ಹತ್ತಿರ. ಕೈ ಚಾಚಿದೆ.

"ಅಡಕೆಕತ್ತರಿ ಕೊಡು."

ಮಗಳು ಕಣ್ಣು ಅಗಲಿಸಿದಳು. "ನೀನೇ ಅಂದಿದ್ದೆ, ಮುಟ್ಬೇಡಿ ಅಂತ."

"ಅಂದಿದ್ದೆ. ಈಗ ಕೊಡು."

ಕತ್ತರಿಯ ಬಾಯಿಯನ್ನು ಸಂದಿಗೆ ಇಟ್ಟು ಸುತ್ತ ಕೊಯ್ದೆ. ಬೆಳ್ಳಿ ಸಿಪ್ಪೆ ಎದ್ದು ಬಂತು. ಆಮೇಲೆ ಅಡ್ಡದ ಏಣನ್ನು ಅಡಕೆ ಕಚ್ಚುವ ಹಾಗೆ ಕಚ್ಚಿಸಿ ಎರಡು ಕೈಯಲ್ಲೂ ಒತ್ತಿ ತಿರುಗಿಸಿದೆ. ಟಕ್ ಅಂದಿತು. ಆ ಶಬ್ದ ಕಿವಿಗೆ ಕೇಳಿಸಲಿಲ್ಲ, ಅಂಗೈಗೆ ಗೊತ್ತಾಯಿತು.

ಇನ್ನೊಂದು ಎಡಗಡೆ, ಜೋಳದ ಕಡೆ. ಬಾನೆಟ್ ಹಿಡಿದುಕೊಂಡು ಮುಂದಿನಿಂದ ಸುತ್ತಿ ಹೋದೆ. ಅಲ್ಲಿ ವಾಸನೆ ಬಂತು, ಹಸಿ ಹುಲ್ಲು ಹುಳಿತಂಥ, ಲಾಯದಂಥ ಬಿಸಿ ವಾಸನೆ. ಹೊಲಕ್ಕೆ ಬೆನ್ನು ಹಾಕಿ ಮಂಡಿಯೂರಿದೆ. ಬೆನ್ನಿಗೆ ಕಣ್ಣಿಲ್ಲವಲ್ಲ. ಮಗಳ ಮುಖ ನೋಡುತ್ತಲೇ ಕೊಯ್ದೆ. ಅವಳ ಮುಖ ಹೇಗಿದೆಯೋ ಹಿಂದೆ ಹಾಗಿದೆ ಎಂದು ಲೆಕ್ಕ. ಅವಳು ತುಟಿ ಕಚ್ಚಿಕೊಂಡು ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಕತ್ತರಿ ಜಾರಿ ಹೆಬ್ಬೆರಳು ಕೊಯ್ದಿತು. ತಿರುಗಣೆ ಅರ್ಧಕ್ಕೆ ಬಂದು ನಿಂತಿತು. ಚಕ್ರ ಕೊಂಚ ಉರುಳದೆ ಅದು ಕೂರುವುದಿಲ್ಲ. ಹಿಂದಕ್ಕೆ ಅಂದರೆ ಮತ್ತೆ ಗುಂಡಿಗೆ.

ಬಾನೆಟ್ ಮೇಲೆ ಒಂದು ಸಲ ತಟ್ಟಿದೆ.

ಯಜಮಾನರು ನನ್ನನ್ನೇ ನೋಡಿದರು. ತಲೆ ಅಲ್ಲಾಡಿಸಲೂ ಇಲ್ಲ, ಯಾಕೆ ಎನ್ನಲೂ ಇಲ್ಲ. ಗಾಡಿ ಒಂದು ಗೇಣು ಹಿಂದಕ್ಕೆ ಇಳಿಯಿತು. ಟಕ್.

ಎರಡು ಸಲ ತಟ್ಟಿ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಅವರು ಸಣ್ಣ ಗೇರು ಹಾಕಿ ಕ್ಲಚ್ಚು ಬಿಟ್ಟರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮುಂದಿನ ಚಕ್ರಗಳು ಏರನ್ನು ಹಿಡಿದು ಎಳೆಯತೊಡಗಿದವು, ಹಗ್ಗ ಹಿಡಿದು ಬಾವಿಯಿಂದ ಮೇಲೆ ಬರುವವರ ಹಾಗೆ, ಗೇಣು ಗೇಣಾಗಿ. ಹಿಂಭಾಗ ಕೆಸರಿನಿಂದ ಪಚಕ್ಕನೆ ಬಿಟ್ಟುಕೊಂಡಿತು. ಮೇಲೆ ಬಂದ ಮೇಲೆ ಹಿಂದೆ ತಿರುಗಿ ನೋಡಿದೆ. ಜೋಳದ ಅಂಚಿನಿಂದ ಒಂದು ಸೊಂಡಿಲು ಹೊರಗೆ ಬಂತು, ಆಮೇಲೆ ತಲೆ. ಅದು ಅವಸರವಿಲ್ಲದೆ ದಾರಿಗೆ ಇಳಿದು, ನಾನು ಮಂಡಿಯೂರಿದ್ದ ಜಾಗವನ್ನು ಮೂಸಿತು.

ಮನೆ ತಲುಪಿದೆವು. ಕೂಸು ಎದ್ದಿರಲಿಲ್ಲ. ಕೆಸರು ತೊಳೆದು, ಕೆಂಪು ನೀರಿಗೆ ದೀಪ ಇಟ್ಟು ಆರತಿ ಮಾಡಿಕೊಂಡು ಬಂದೆ. ಆರತಿ ಎತ್ತಿ, ಮಗಳು ಬಲಗಾಲಿಟ್ಟು ಹೊಸ್ತಿಲು ದಾಟಿದ ಮೇಲೆ ಸೊಂಟದಲ್ಲಿ ಏನೋ ಚುಚ್ಚಿತು. ಅಡಕೆಕತ್ತರಿ! ಕೂಸಿನ ಮಗ್ಗುಲಿಗೆ ವಾಪಸು ಇಡುವುದನ್ನೇ ಮರೆತಿದ್ದೆ. ನನ್ನ ಮುಖ ಬಿಳಿಚಿದ್ದನ್ನು ನೋಡಿ ಮಗಳಿಗೆ ಅರ್ಥವಾಯಿತು.

"ಕಬ್ಣ ಇಲ್ದೆ ಬಂದ್ಬುಡ್ತಲ್ಲವ್ವ ಕೂಸು."

ಯಜಮಾನರು ಅಂಗಳದಿಂದಲೇ ಕೂಗಿದರು. "ಕಬ್ಣ ಇಲ್ದೆ ಎಲ್ಲಿ ಬಂತು? ಇಷ್ಟು ದಪ್ಪ ಕಬ್ಣದ ಒಳಗೆ ಕೂತ್ಕಂಡು ಬಂತು. ಇದ್ಕೂ ಒಂದು ಆರತಿ ಎತ್ತು ಬಾ!"

ನಗು ಬಂತು, ಅದರ ಹಿಂದೆಯೇ ಅಳು. ತಟ್ಟೆ ಹಿಡಿದು ಹೋಗಿ ಜೀಪಿನ ಮೂತಿಗೂ ಎತ್ತಿದೆ. ಆರತಿಯ ಬೆಳಕಿನಲ್ಲಿ ಮುಂದಿನ ಎರಡು ಚಕ್ರ ನೋಡಿದೆ. ಕೆಸರಿನ ನಡುವೆ, ಬೆಳ್ಳಿ ಕಿತ್ತುಹೋದ ಕಡೆ ಹಳೇ ಕಬ್ಬಿಣ ಕಪ್ಪಗೆ ಕಾಣುತ್ತಿತ್ತು. ಅವರು ಪಕ್ಕದಲ್ಲಿ ಬಂದು ನಿಂತು, "ನಾಳೆ ಅಲ್ಲಿಗೆ ಮಾತ್ರ ಒಂದು ಸ್ವಲ್ಪ ಟಚಪ್ಪು..." ಎಂದರು. ನಾನು ನೋಡಿದ ನೋಟಕ್ಕೆ ಮಾತು ಅಲ್ಲೇ ನಿಲ್ಲಿಸಿದರು.

ಈಗ ಕೂಸು ಹಗಲು ಮಲಗುವುದಿಲ್ಲ. ತೊಟ್ಟಿಲು ತೂಗಿದರೂ ಇಲ್ಲ, ನಾನು ಹಾಡಿದರಂತೂ ಇನ್ನೂ ಜೋರಾಗಿ ಅಳುತ್ತದೆ. ಆಗ ಯಜಮಾನರು ಜೀಪನ್ನು ತಂದು ಕಿಟಕಿಯಿಂದ ಅಷ್ಟು ದೂರಕ್ಕೆ ನಿಲ್ಲಿಸಿ, ಹೊಗೆ ಆಚೆ ಹೋಗುವಂತೆ ತಿರುಗಿಸಿ, ಇಂಜಿನ್ ಶುರು ಮಾಡುತ್ತಾರೆ. ಗುಡುಗುಡು. ಕೂಸು ಬಾಯಿ ಅರ್ಧ ತೆರೆದು ಕಣ್ಣು ಮುಚ್ಚುತ್ತದೆ. ಡೀಸೆಲ್ ಸುಮ್ಮನೆ ಉರಿಯುತ್ತದೆ, ನಾನೂ ಏನೂ ಅನ್ನುವುದಿಲ್ಲ. ಕೂಸಿನ ದಿಂಬಿನ ಕೆಳಗಿನ ಅಡಕೆಕತ್ತರಿಯ ಬಾಯಲ್ಲಿ ಬೆಳ್ಳಿ ಬಣ್ಣ ಇನ್ನೂ ಮೆತ್ತಿಕೊಂಡಿದೆ. ನಾನು ಅದನ್ನು ಕೆರೆದಿಲ್ಲ, ಅಡಕೆಗೆ ಬೇರೆ ಕತ್ತರಿ ತರಿಸಿಕೊಂಡಿದ್ದೇನೆ.